ಕರಿ ಅರಿವೆಯ ಮೇಲೆ ಬಾಗಲಕೋಟೆ: ಒಂದು ಕಸೂತಿ ನಕಾಶೆಯ ಪ್ರಕರಣ ಅಧ್ಯಯನ

ಬಾಗಲಕೋಟೆಯ ನವನಗರದಲ್ಲಿ ಒಂದು ಸಭಾಭವನದ ಗೋಡೆಗೆ ಜಿಲ್ಲೆಯ ನಕಾಶೆ ಬೇಕಾಗಿತ್ತು. ಕೇಳಿದವರ ಮನಸ್ಸಿನಲ್ಲಿ ಮೊದಲು ಇದ್ದದ್ದು ಫ್ಲೆಕ್ಸ್ ಮುದ್ರಣ: ಬಾದಾಮಿಯ ಗುಹೆ, ಪಟ್ಟದಕಲ್ಲಿನ ಶಿಖರ, ಕೂಡಲಸಂಗಮ, ಮುಧೋಳದ ನಾಯಿ, ಎಲ್ಲವನ್ನೂ ಅಲ್ಲಲ್ಲಿ ಅಂಟಿಸಿದ ಪ್ರವಾಸಿ ನಕಾಶೆ. ಕೊನೆಗೆ ಗೋಡೆಗೆ ಬಂದದ್ದು 3.3 ಮೀಟರ್ ಅಗಲ, 2.5 ಮೀಟರ್ ಎತ್ತರದ ಕರಿ ಕೈಮಗ್ಗದ ಬಟ್ಟೆ. ಅದರ ಮೇಲೆ ಜಿಲ್ಲೆ ಪೂರ್ತಿ ಕಸೂತಿಯಲ್ಲಿ. ಕೆಲಸಕ್ಕೆ ಕೂತವರು ಕಸೂತಿ ಬಲ್ಲ ಹೆಣ್ಣುಮಕ್ಕಳ ಒಂದು ಗುಂಪು, ಭೂಮಾಪನದ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು, ಚಿತ್ರಕಲೆಯ ಶಿಕ್ಷಕಿ ಮತ್ತು ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ ಎಂಬ ನಕಾಶೆಯ ತಂತ್ರಾಂಶ ನಡೆಸಬಲ್ಲ ಒಬ್ಬ ತರುಣ.

ಹೊಲಿಗೆಯ ಅಂದಚಂದದ ಬಗ್ಗೆ ಈ ಗುಂಪಿನಲ್ಲಿ ಜಗಳ ಬರಲಿಲ್ಲ. ಬಂದದ್ದೆಲ್ಲ ಗೆರೆಗಳ ಬಗ್ಗೆ. ಈ ಗಡಿ ಯಾವ ವರ್ಷದ್ದು, ಯಾರು ಅಳೆದು ಎಳೆದದ್ದು, ಈ ಹೊಳೆ ಅಣೆಕಟ್ಟಿಗೆ ಮುಂಚಿನದೋ ಆಮೇಲಿನದೋ? ಕಲಾಕೃತಿಯಾದ ನಕಾಶೆಗಳು ಸಾಮಾನ್ಯವಾಗಿ ಸೋಲುವುದು ಇಲ್ಲೇ. ಹಳೆಯದರ ಭಾವ ಬರಲಿ ಎಂದು ಚಹಾ ನೀರಿನಲ್ಲಿ ಅದ್ದಿದ ಕಾಗದ, ಮೂಲೆಯಲ್ಲೊಂದು ದಿಕ್ಸೂಚಿ, ಹಡಗಿನ ಹಾಯಿ (ಬಯಲುಸೀಮೆಯ ನಕಾಶೆಯಲ್ಲೂ!), ಒಳಗಿನ ಗೆರೆಗಳು ಮಾತ್ರ ಗೂಗಲಿನಿಂದ ಎತ್ತಿದ ಇಂದಿನವು. ಇಲ್ಲಿ ಆ ದಾರಿ ಹಿಡಿಯಲಿಲ್ಲ.

ಯಾವ ಕಾಲದ ಜಿಲ್ಲೆ

ಇಂದಿನ ಬಾಗಲಕೋಟೆ ಜಿಲ್ಲೆ 1997ರಲ್ಲಿ ಬಿಜಾಪುರದಿಂದ ಬೇರೆಯಾದದ್ದು. ಅದರೊಳಗಿನ ಭೂಮಿ ಮತ್ತೆ ಒಂದೇ ಕೈಗೆ ಬಂದದ್ದು ಬಹಳ ಇತ್ತೀಚೆಗೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆಯದು ಕಂಪನಿ ಸರಕಾರಕ್ಕೆ ಸೇರಿತು. ಜಮಖಂಡಿ ಪಟವರ್ಧನರ ಕೈಯಲ್ಲಿ, ಮುಧೋಳ ಘೋರ್ಪಡೆಯವರ ಕೈಯಲ್ಲಿ ಉಳಿಯಿತು. ತೇರದಾಳ, ರಬಕವಿ ಸಾಂಗಲಿ ಸಂಸ್ಥಾನದವು. ಪೂರ್ವಕ್ಕೆ ಹುನಗುಂದ ತಾಲ್ಲೂಕು ದಾಟಿದರೆ ನಿಜಾಮನ ಮುಲ್ಕು. ಬಿಜಾಪುರದ ಸೀಮೆ 1848ರವರೆಗೆ ಸಾತಾರಾ ರಾಜ್ಯದಲ್ಲಿತ್ತು. 1864ರಲ್ಲಿ ಇಂಗ್ಲಿಷರು ಕಲಾದಗಿ ಜಿಲ್ಲೆ ಮಾಡಿದರು. 1885ರಲ್ಲಿ ಅದರ ಕಚೇರಿ ಬಿಜಾಪುರಕ್ಕೆ ಹೋಯಿತು, ಹೆಸರೂ ಹೋಯಿತು. ದಾಳಿಂಬೆ, ಚಿಕ್ಕುವಿಗೆ ಹೆಸರಾದ ಇವತ್ತಿನ ಕಲಾದಗಿಯಲ್ಲಿ ನಿಂತರೆ ಇದು ಎರಡು ದಶಕ ಜಿಲ್ಲಾ ಕೇಂದ್ರವಾಗಿತ್ತೆಂದು ಹೊರಗಿನವರಿಗೆ ಹೊಳೆಯುವುದಿಲ್ಲ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂತು. ಆಮೇಲೆ ಆಲಮಟ್ಟಿಯ ನೀರು ಬಂತು.

ಇಷ್ಟನ್ನೂ ಒಂದೇ ಬಟ್ಟೆಯಲ್ಲಿ ತುರುಕಿದರೆ ಗೋಜಲು. ಮೂರು ಕಾಲಗಳನ್ನು ಮಾತ್ರ ಆರಿಸಲಾಯಿತು: ಅಣೆಕಟ್ಟಿಗೆ ಮುಂಚಿನ ಹೊಳೆಗಳು, 1948ರ ವಿಲೀನಕ್ಕೆ ಮುಂಚಿನ ಗಡಿಗಳು, ಇಂದಿನ ಜಲಾಶಯ. 1997ರ ಜಿಲ್ಲೆಯ ಹೊರಗಡಿ ನಕಾಶೆಯ ಚೌಕಟ್ಟಾಗಿ ಬಂತು. ಇತ್ತೀಚಿನ ಹೊಸ ತಾಲ್ಲೂಕುಗಳ ಗಡಿ ಕೈಬಿಡಲಾಯಿತು. ಅದು ಬೇಕಾದವರಿಗೆ ಕಂದಾಯ ಕಚೇರಿಯಲ್ಲಿ ಬೇರೆ ನಕಾಶೆ ಇದೆ.

ಅಳತೆ, ಬಟ್ಟೆ, ಎಳೆ

ಜಿಲ್ಲೆ ಪೂರ್ವ-ಪಶ್ಚಿಮ ಸುಮಾರು 146 ಕಿ.ಮೀ., ದಕ್ಷಿಣೋತ್ತರ ಸುಮಾರು 105 ಕಿ.ಮೀ. 1:50,000 ಪ್ರಮಾಣದಲ್ಲಿ ಅದು 2.92 ಮೀಟರಿಗೆ 2.10 ಮೀಟರ್. ಸುತ್ತ ಹತ್ತೊಂಬತ್ತು-ಇಪ್ಪತ್ತು ಸೆಂ.ಮೀ. ಅಂಚು ಬಿಟ್ಟರೆ ಗೋಡೆಯ ಅಳತೆ ಬಂತು. ಭಾರತೀಯ ಸರ್ವೇಕ್ಷಣ ಇಲಾಖೆಯ ಮುಕ್ತ ಸರಣಿಯ ಹಾಳೆಗಳೂ ಇದೇ ಪ್ರಮಾಣದವು. ಹಾಳೆಯ ಮೇಲಿನ ಒಂದು ಸೆಂ.ಮೀ. ಬಟ್ಟೆಯ ಮೇಲೂ ಒಂದು ಸೆಂ.ಮೀ. ಆದ್ದರಿಂದ ಹೊಲಿಯುವವರು ಸ್ಕೇಲಿಟ್ಟು ತಾವೇ ತಾಳೆ ನೋಡಬಹುದು. ಈ ಅನುಕೂಲಕ್ಕಾಗಿಯೇ ಬೇರೆ ಪ್ರಮಾಣಗಳನ್ನು ಬದಿಗಿಟ್ಟರು.

ಬಟ್ಟೆ ಕರಿಯದು. ಕಸೂತಿಗೆ ಹಳೆಯ ಕಾಲದಿಂದ ಒಪ್ಪುವ ಚಂದ್ರಕಾಳಿ ಸೀರೆಯ ಬಣ್ಣ ಅದು. ಕೃಷ್ಣೆ, ಘಟಪ್ರಭೆಯ ಎರಡೂ ದಂಡೆಯ ಎರಿ ಹೊಲಗಳಿಗೂ ಅದೇ ಬಣ್ಣ. ತೊಂದರೆಯೂ ಅದೇ ಬಣ್ಣದಿಂದ. ಕರಿ ಬಟ್ಟೆಯಲ್ಲಿ ಎಳೆ ಎಣಿಸಲು ಕಣ್ಣು ಸೋಲುತ್ತದೆ, ಪೆನ್ಸಿಲ್ ಕಾಣುವುದಿಲ್ಲ, ಸೀಮೆಸುಣ್ಣ ಕೈ ಸವೆತಕ್ಕೆ ಅಳಿಸಿಹೋಗುತ್ತದೆ. ಬಿಳಿ ನೂಲಿನಲ್ಲಿ 5 ಸೆಂ.ಮೀ.ಗೊಂದು ಕಚ್ಚಾ ಹೊಲಿಗೆ ಹಾಕಿ ಚೌಕುಳಿ ಮಾಡಿಕೊಂಡರು. ಒಂದು ಚೌಕುಳಿ ಎಂದರೆ ನೆಲದ ಮೇಲೆ ಎರಡೂವರೆ ಕಿ.ಮೀ. ಕೆಲಸ ಮುಗಿದ ಚೌಕುಳಿಯ ನೂಲನ್ನು ಆಗಲೇ ಎಳೆದು ತೆಗೆಯಬೇಕು. ಕಡೆಗೆ ತೆಗೆಯೋಣ ಎಂದು ಬಿಟ್ಟರೆ ಅದು ಕಸೂತಿಯ ಕೆಳಗೆ ಸಿಕ್ಕಿಕೊಂಡು ತುಂಡಾಗುತ್ತದೆ.

ಮಗ್ಗದವರಿಗೆ ಕೇಳಿದ್ದು ಇಂಚಿಗೆ 40 ಹಾಸು (ಉದ್ದದ ಎಳೆ), 40 ಹೊಕ್ಕು (ಅಡ್ಡ ಎಳೆ). ಬಂದ ಬಟ್ಟೆಯನ್ನು ಭೂತಗನ್ನಡಿಯಲ್ಲಿ ಎಣಿಸಿದರೆ ಹಾಸು 40, ಹೊಕ್ಕು 36. ಸೀರೆಗೆ ಇದು ಲೆಕ್ಕಕ್ಕೇ ಬರದ ವ್ಯತ್ಯಾಸ, ನಕಾಶೆಗೆ ದೊಡ್ಡದು. ಕಸೂತಿಯಲ್ಲಿ ಒಂದು ಹೊಲಿಗೆಗೆ ನಾಲ್ಕು ಎಳೆ ಹಿಡಿದರೆ ಅಡ್ಡಕ್ಕೆ 2.54 ಮಿ.ಮೀ., ಉದ್ದಕ್ಕೆ 2.82 ಮಿ.ಮೀ. ಚೌಕವೆಂದು ನಂಬಿ ಎಣಿಸುತ್ತ ಹೋದರೆ 2.10 ಮೀಟರ್ ಆಗಬೇಕಾದ ಜಿಲ್ಲೆ 2.33 ಮೀಟರ್ ಎತ್ತರಕ್ಕೆ ಬೆಳೆದು ಜಮಖಂಡಿ ತಾಲ್ಲೂಕಿನ ಬಡಗಣ ತುದಿ ಬಟ್ಟೆಯ ಅಂಚಿನಾಚೆ ಹೋಗುತ್ತದೆ. ಬಟ್ಟೆಯನ್ನು ಹಿಂದೆ ಕಳಿಸಲಿಲ್ಲ, ಹೊಲಿಗೆ ಎಣಿಸಲು ಮನೆ ಹಾಕಿದ ಚಾರ್ಟನ್ನೇ ಬದಲಾಯಿಸಿದರು. ಕಂಪ್ಯೂಟರಿನಲ್ಲಿ ಚಾರ್ಟಿನ ಒಂದು ಮನೆಯ, ಎಂದರೆ ಒಂದು ಹೊಲಿಗೆಯ ಅಳತೆಯನ್ನು ನೆಲದ ಮೇಲೆ 127 ಮೀಟರಿಗೆ 141 ಮೀಟರ್ ಎಂದು ಕೊಟ್ಟರೆ ಆಯಿತು. ಅಡ್ಡಕ್ಕೆ ಸುಮಾರು 1,150 ಮನೆ, ಉದ್ದಕ್ಕೆ ಸುಮಾರು 745. ಇಂಥ ಕೆಲಸಕ್ಕೆ ಇಳಿಯುವವರು ಬಟ್ಟೆ ಕೈಗೆ ಬಂದ ಮೇಲೆಯೇ ಚಾರ್ಟ್ ಮಾಡಬೇಕು. ಅದೂ ಬಟ್ಟೆಯನ್ನು ಒಂದು ಸಲ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ, ನಾಲ್ಕೈದು ಕಡೆ ಎಣಿಸಿದ ಮೇಲೆ.

ಮಗ್ಗದ ಬಟ್ಟೆಯ ಪನ್ನ (ಅಗಲ) 50 ಇಂಚು, ಆದ್ದರಿಂದ ಮೂರು ಪಟ್ಟಿ ಕೂಡಿಸಬೇಕಾಯಿತು. ಸಮ ಮೂರು ಪಾಲು ಮಾಡಿದರೆ ಎರಡನೆಯ ಜೋಡಣೆ ಐಹೊಳೆಯ ಪಕ್ಕಕ್ಕೇ, ಐದು ಸೆಂ.ಮೀ. ಪೂರ್ವಕ್ಕೆ, ಮಲಪ್ರಭೆಯ ಕೊಳ್ಳವನ್ನು ಸೀಳಿಕೊಂಡು ಬರುತ್ತಿತ್ತು. 1.2, 1.2, 0.9 ಮೀಟರ್ ಎಂದು ಬದಲಿಸಿದಾಗ ಜೋಡಣೆ 76° ಪೂರ್ವ ರೇಖಾಂಶದ ಮೇಲೆ ಬಿತ್ತು. ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳೂ ಅಲ್ಲೇ ಬದಲಾಗುತ್ತವೆ. 16° ಅಕ್ಷಾಂಶ ಮತ್ತು 76° ರೇಖಾಂಶ ಹುನಗುಂದದ ಸೀಮೆಯಲ್ಲಿ ಕೂಡುವುದರಿಂದ ಈ ಒಂದು ಜಿಲ್ಲೆಗೆ 47 ಪಿ, 48 ಎಂ, 56 ಡಿ, 57 ಎ ಎಂಬ ನಾಲ್ಕು ಹಾಳೆಯಾದರೂ ಬೇಕು. ಬಾಗಲಕೋಟೆ ಒಂದರಲ್ಲಿ, ಬಾದಾಮಿ ಇನ್ನೊಂದರಲ್ಲಿ, ಕೂಡಲಸಂಗಮ ಮೂರನೆಯದರಲ್ಲಿ, ಇಳಕಲ್ ನಾಲ್ಕನೆಯದರಲ್ಲಿ. ಐಹೊಳೆ 16°ಯ ಮೇಲೆ, ಪಟ್ಟದಕಲ್ಲು ಕೆಳಗೆ. ಕಾಗದದ ನಕಾಶೆ ಹಿಡಿದು ಮಲಪ್ರಭೆಯ ದಂಡೆಯಲ್ಲಿ ತಿರುಗಾಡಿದವರು ಎರಡು ಹಾಳೆ ಹೊತ್ತೇ ತಿರುಗಬೇಕಿತ್ತು. ಬಟ್ಟೆಯಲ್ಲಿ ಆ ಜೋಡಣೆಯನ್ನು ಮುಚ್ಚಲು ಹೋಗದೆ ಇಳಕಲ್ ಸೀರೆಯ ಅಂಚಿನ ಸಣ್ಣ ಪಟ್ಟಿ ಹಚ್ಚಿ ಕಾಣುವಂತೆಯೇ ಬಿಟ್ಟರು. ಜೋಡಣೆಯ ಎರಡೂ ಬದಿ ಎರಡು ಸೆಂ.ಮೀ. ಹೊಲಿಗೆಯನ್ನು ಪಟ್ಟಿಗಳು ಕೂಡಿದ ಮೇಲೆಯೇ ಹಾಕಬೇಕು. ಮುಂಚೆ ಹಾಕಿದರೆ ಗಡಿಗೆರೆಗಳು ಒಂದೆರಡು ಎಳೆ ತಪ್ಪಿ ಕೂಡುತ್ತವೆ.

ಹಳೆಯ ಹಾಳೆ, ತಪ್ಪಿದ ರೇಖಾಂಶ

ಹೊಳೆಗಳ ಹಳೆಯ ಪಾತ್ರ ಇಂದಿನ ಯಾವ ಹಾಳೆಯಲ್ಲೂ ಸಿಗುವುದಿಲ್ಲ. ಅಲ್ಲಿ ನೀಲಿ ಜಲಾಶಯ ಕೂತಿದೆ. ಅದನ್ನು ಹಳೆಯ ಒಂದಿಂಚಿನ ಹಾಳೆಗಳಿಂದ, ಎಂದರೆ ಮೈಲಿಗೊಂದು ಇಂಚು, 1:63,360 ಪ್ರಮಾಣದವುಗಳಿಂದ ಎತ್ತಬೇಕು. ಸ್ಕ್ಯಾನ್ ಮಾಡಿದ ಹಾಳೆಯನ್ನು ಮೂಲೆಗಳಲ್ಲಿ ಅಚ್ಚಾದ ಅಕ್ಷಾಂಶ-ರೇಖಾಂಶ ಹಿಡಿದು ಕೂರಿಸುವುದು ಎಲ್ಲರೂ ಮಾಡುವ ಕೆಲಸ. ಇಲ್ಲಿ ಅದು ಎರಡು ರೀತಿಯಲ್ಲಿ ಕೈಕೊಡುತ್ತದೆ.

ಹತ್ತೊಂಬತ್ತನೇ ಶತಮಾನದ ಹಾಳೆಗಳ ರೇಖಾಂಶವೆಲ್ಲ ಮದರಾಸಿನ ವೀಕ್ಷಣಾಲಯದ ಹಳೆಯ ಬೆಲೆಗೆ ಕಟ್ಟಿದ್ದು. ಅದು ನಿಜಕ್ಕಿಂತ ಸುಮಾರು 2 ನಿಮಿಷ 27 ಸೆಕೆಂಡು ಹೆಚ್ಚು. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 4.4 ಕಿ.ಮೀ., ಬಟ್ಟೆಯ ಮೇಲೆ 8.7 ಸೆಂ.ಮೀ. ಕಳೆಯದೆ ಕೂರಿಸಿದರೆ ಘಟಪ್ರಭೆ ಬಾಗಲಕೋಟೆಯನ್ನು ಬಿಟ್ಟು ಬೇರೆಲ್ಲೋ ತಿರುಗುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ. ಎರಡನೆಯದು ಸಣ್ಣದು, ಹಾಗಾಗಿ ಮೋಸ ಹೆಚ್ಚು. ಭೂಮಿಯ ಆಕಾರಕ್ಕೆ ಹಿಡಿದ ಲೆಕ್ಕವೇ ಬೇರೆ: ಹಳೆಯ ಹಾಳೆಗಳು ಎವರೆಸ್ಟ್ ದೀರ್ಘಗೋಳದ ಮೇಲೆ ನಿಂತವು, ಇಂದಿನ ಉಪಗ್ರಹ ಅಳತೆ ಡಬ್ಲ್ಯುಜಿಎಸ್ 84ರ ಮೇಲೆ. ಈ ಸೀಮೆಯಲ್ಲಿ ಎರಡಕ್ಕೂ ನೂರರಿಂದ ಇನ್ನೂರು ಮೀಟರ್ ಅಂತರ, ಬಟ್ಟೆಯ ಮೇಲೆ ಸರಿಸುಮಾರು ಒಂದು ಹೊಲಿಗೆ. ಹೊಲಿಗೆ ಹಾಕುವವರು ತಾವೇ ಎಣಿಕೆ ತಪ್ಪಿದೆವೆಂದುಕೊಂಡು ಬಿಚ್ಚುತ್ತ ಕೂರುತ್ತಾರೆ.

ಎರಡಕ್ಕೂ ಮದ್ದು ಒಂದೇ: ಮೂಲೆಯ ಅಂಕಿಗಳನ್ನು ನಂಬದೆ, ಅಂದೂ ಇಂದೂ ಜಾಗ ಬಿಡದ ಗುರುತುಗಳಿಗೆ ಹಾಳೆಯನ್ನು ಕಟ್ಟುವುದು. ಐಹೊಳೆಯ ಮೇಗುತಿ ಗುಡಿ, ಪಟ್ಟದಕಲ್ಲಿನ ಗುಡಿಗಳು, ಬಾದಾಮಿಯ ಗುಡ್ಡದ ಮೇಲಿನ ಕಟ್ಟಡಗಳು, ಗುಡ್ಡದ ತುದಿಯ ತ್ರಿಕೋನಮಿತಿ ಗುರುತುಗಳು ಇದಕ್ಕೆ ಒಳ್ಳೆಯವು. ರಸ್ತೆಯ ಕೂಡುಹಾದಿ ಬೇಡ, ಹೊಳೆಯ ತಿರುವು ಬೇಡ. ಹಾಳೆಗೆ ಹನ್ನೆರಡರಿಂದ ಹದಿನೈದು ಗುರುತು ಸಾಕು, ಆದರೆ ನಾಲ್ಕೂ ಮೂಲೆಗೆ ಹಂಚಿರಬೇಕು. ಕಾಗದ ಅಡ್ಡಕ್ಕೂ ಉದ್ದಕ್ಕೂ ಒಂದೇ ಸಮ ಕುಗ್ಗಿರುವುದಿಲ್ಲ.

ಇನ್ನೊಂದು ಸೂಕ್ಷ್ಮ. ನೆಲವನ್ನು ಮೀಟರಿನ ಚೌಕಗಳಲ್ಲಿ ಅಳೆಯುವ ಯುಟಿಎಂ ಜಾಲದ 43ನೇ ವಲಯದ ನಡುರೇಖೆ 75° ತೇರದಾಳದ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಲಿ ಜಾಲದ ಬಡಗಣವೂ ನಿಜ ಬಡಗಣವೂ ಒಂದೇ. ಪೂರ್ವದ ತುದಿಗೆ ಬರುವ ಹೊತ್ತಿಗೆ ಎರಡಕ್ಕೂ ಮೂರನೇ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ವಾರೆ. ಎರಡು ಮೀಟರ್ ಎತ್ತರದಲ್ಲಿ ಅದು ಸುಮಾರು 14 ಮಿ.ಮೀ. ಬಟ್ಟೆಯ ಹಾಸಿನ ಎಳೆ ಜಾಲದ ಬಡಗಣಕ್ಕೋ ರೇಖಾಂಶಕ್ಕೋ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇಲ್ಲಿ ಜಾಲಕ್ಕೆ ಕಟ್ಟಿದರು. ಹಾಗಾಗಿ ಇಳಕಲ್ ಅಂಚಿನ ಜೋಡಣೆಪಟ್ಟಿ ನೇರ, 76°ಯ ನಿಜ ರೇಖೆ ಅದಕ್ಕೆ ಕೂದಲೆಳೆಯಷ್ಟು ಓರೆ.

ಗಡಿಗಳಿಗೆ ಹಳ್ಳಿಯ ನಕಾಶೆಗಳೇ ಗತಿ. ಮುಂಬಯಿ ಪದ್ಧತಿಯ ಕಂದಾಯ ಮೋಜಣಿ 1835ರಲ್ಲಿ ಇಂದಾಪುರದಲ್ಲಿ ಶುರುವಾಗಿ 1840ರ ದಶಕದಲ್ಲಿ ಈ ಕಡೆಗೂ ಬಂತು. 33 ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ. ಸರಪಳಿಯ ಚೌಕವೇ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಗ್ರಾಮ ನಕಾಶೆಯ ಪ್ರಮಾಣ 1:7,920. ರೈತರ ಬಾಯಲ್ಲಿ ಇಂದಿಗೂ ಗುಂಟೆ, ಆಣೆ ಉಳಿದಿರುವುದು ಈ ಸರಪಳಿಯಿಂದ. ಆ ಮೋಜಣಿಯ ಉದ್ದೇಶ ಭೂಮಿಗೆ ತೀರುವೆ ಗೊತ್ತುಮಾಡುವುದು. ಅದಕ್ಕೇ ಹೊಲದ ಬದು, ಹದ್ದಿನ ಕಲ್ಲು, ಬಾವಿ ಅಲ್ಲಿ ನಿಖರ. ಗುಡ್ಡ, ಗಾಯರಾಣ, ಕುರಿಗಾರರ ದಾರಿ ಅಂದಾಜಿನವು. ತನ್ನ ತಾಲ್ಲೂಕು ಮುಗಿದಲ್ಲಿ ಗೆರೆಯೂ ಮುಗಿಯುತ್ತದೆ, ಸಂಸ್ಥಾನದ ಕಡೆ ಬರೀ ಬಿಳಿ ಕಾಗದ. ಸಂಸ್ಥಾನಗಳ ದಫ್ತರ ಮರಾಠಿಯಲ್ಲಿ, ಬಹುಪಾಲು ಮೋಡಿ ಲಿಪಿಯಲ್ಲಿ. ಎರಡೂ ಕಡೆಯ ಹಳ್ಳಿಗಳನ್ನು ತಂದು ಕೂಡಿಸಿದರೆ ನಡುವೆ ಸೀಳು ಬೀಳುತ್ತದೆ, ಇಲ್ಲವೇ ಒಂದರ ಮೇಲೊಂದು ಏರುತ್ತದೆ. ಹೊಲಿಗೆ 127 ಮೀಟರಿನ ಮನೆಯಲ್ಲಿ ಕೂರುವುದರಿಂದ ಇಂಥ ಸೀಳುಗಳಲ್ಲಿ ಹೆಚ್ಚಿನವು ಕಾಣದಂತಾದವು. ಕಂಡವನ್ನು ಹಾಗೇ ಬಿಟ್ಟರು.

ಹೊಲಿಗೆಗೊಂದು ಕೆಲಸ

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗಾವಂತಿ, ಮುರಗಿ, ನೇಗಿ, ಮೆಂತ್ಯ. ಯಾವುದರಲ್ಲೂ ಬಾಗು ಇಲ್ಲ. ಎಳೆ ಎಣಿಸಿ ಅಡ್ಡ, ಉದ್ದ, ಮೂಲೆ, ಇಷ್ಟೇ. ಭೂಮಾಪಕರು ಹೊಳೆಯ ನಕಾಶೆ ಹರಡಿದಾಗ ಗುಂಪಿನ ಹಿರಿಯಳು ಹೇಳಿದ ಮಾತು: “ಸರ, ನಮ್ಮ ಎಳಿ ಅಡ್ಡ ಹೊಕ್ಕಾವು, ಉದ್ದ ಹೊಕ್ಕಾವು, ಮೂಲಿಗೆ ಹೊಕ್ಕಾವು. ಹೊಳಿ ಹೊಳ್ಳಿದಂಗ ಹೊಳ್ಳಂಗಿಲ್ರಿ.” ಅದಕ್ಕೆ ಅವರು, “ಎಲ್ಲಾ ಕಡೆ ಹೊಳ್ಳೂದು ಬ್ಯಾಡ ಅಕ್ಕಾರ, ಪಟ್ಟದಕಲ್ಲಿನ್ಯಾಗ ಮಾತ್ರ ಬಡಗಲಾಕ ತಿರುಗಿಸ್ರಿ.”

ಆ ಮಾತೇ ನಿಯಮವಾಯಿತು. ಮೂರು ಮನೆಗಿಂತ, ಎಂದರೆ ಸುಮಾರು 400 ಮೀಟರಿಗಿಂತ ಸಣ್ಣ ತಿರುವುಗಳನ್ನೆಲ್ಲ ಬಿಟ್ಟು, ಊರು ತಾನೇ ಗುರುತಿಟ್ಟ ತಿರುವನ್ನು ದೊಡ್ಡದು ಮಾಡಿಯಾದರೂ ಉಳಿಸುವುದು. ಮಲಪ್ರಭೆ ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ಹರಿಯುತ್ತಾಳೆಂಬುದೇ ಆ ಜಾಗದ ಪಾವಿತ್ರ್ಯಕ್ಕೆ ಆಧಾರ. ಮೋಜಣಿದಾರನಿಗೆ ಅದು ಇನ್ನೊಂದು ತಿರುವು ಮಾತ್ರ. ಬಟ್ಟೆಯಲ್ಲಿ ಆ ತಿರುವು ಅಳತೆಗಿಂತ ಐದಾರು ಹೊಲಿಗೆ ಹೆಚ್ಚಾಗಿದೆ.

ಹೊಳೆಗೆ ಮುರಗಿ ಕೊಟ್ಟರು. ಅದರ ಮೆಟ್ಟಿಲು ನಡಿಗೆ ಓರೆಯಾಗಿ ಹರಿಯುವ ಘಟಪ್ರಭೆಗೆ ಚೆನ್ನಾಗಿ ಹೊಂದುತ್ತದೆ. ಕೃಷ್ಣೆಗೆ ಎರಡು ದಂಡೆ, ಮೂರು-ನಾಲ್ಕು ಮನೆ ಅಗಲ. ಉಳಿದೆರಡಕ್ಕೆ ಒಂಟಿ ಗೆರೆ. ಗಡಿಗೆ ಗಾವಂತಿ. ಹೋಗುತ್ತ ಒಂದು ಬಿಟ್ಟು ಒಂದು ಹಾಕಿ, ಬರುತ್ತ ಬಿಟ್ಟದ್ದನ್ನು ತುಂಬುವ ಹೊಲಿಗೆ ಅದು. ಗಂಟಿಲ್ಲ, ಹಿಂದೆ ಮುಂದೆ ಒಂದೇ ಥರ. ಕಂಪ್ಯೂಟರಿನಲ್ಲಿ ಗಡಿಯೊಳಗಿನ ಪ್ರದೇಶವನ್ನು ಮೊದಲು ಮನೆಗಳಾಗಿ ಒಡೆದು, ಆಮೇಲೆ ಅದರ ಹೊರಗೆರೆ ತೆಗೆದರೆ ಗೆರೆ ತಾನಾಗಿಯೇ ಮನೆಯ ಅಂಚುಗಳ ಮೇಲೆ ಬರುತ್ತದೆ, ಅದೇ ಗಾವಂತಿಯ ದಾರಿ. ಗಡಿಗೆರೆಯನ್ನೇ ನೇರ ಮನೆಗಳಾಗಿಸಿದರೆ ಮೂಲೆಗಳಲ್ಲಿ ತುಂಡಾಗಿ, ಒಂದೊಂದನ್ನೂ ಕೈಯಲ್ಲಿ ತಿದ್ದಬೇಕಾಗುತ್ತದೆ. ದಾರದ ಲೆಕ್ಕ: ಒಂದು ಮೀಟರ್ ಗಾವಂತಿಗೆ ಎರಡೂಕಾಲು ಮೀಟರ್.

ಮೆಂತ್ಯವನ್ನು ಬಾದಾಮಿ-ಗುಳೇದಗುಡ್ಡದ ಕೆಂಪು ಮರಳುಗಲ್ಲಿನ ಗುಡ್ಡಸಾಲಿಗೆ ಇಟ್ಟುಕೊಂಡಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದಲ್ಲಿ ದಕ್ಷಿಣ ಮರಾಠಾ ಸೀಮೆಯ ಕಲ್ಲುಗಳನ್ನು ವಿಂಗಡಿಸಿ ಬರೆದದ್ದರಿಂದ ಈ ಶಿಲಾಸ್ತರಗಳಿಗೆ ಇಂದಿಗೂ ಜಗತ್ತಿನ ಪುಸ್ತಕಗಳಲ್ಲಿ ಕಲಾದಗಿಯ ಹೆಸರು. ಜಿಲ್ಲೆಯ ಹೆಸರು ಹೋದರೂ ಕಲ್ಲಿನ ಹೆಸರು ಹೋಗಲಿಲ್ಲ. ಆದರೆ ಮಾದರಿ ತುಂಡಿನಲ್ಲಿ ಹತ್ತು ಸೆಂ.ಮೀ. ಚೌಕಕ್ಕೆ ಒತ್ತಾಗಿ ಮೆಂತ್ಯ ತುಂಬಿದಾಗ ಬಟ್ಟೆ ಮೂರು-ನಾಲ್ಕು ಮಿ.ಮೀ. ಕುಗ್ಗಿತು. ಗುಡ್ಡಸಾಲಿನ ಅಗಲಕ್ಕೆ ಹಾಕಿ ನೋಡಿದರೆ ಎರಡು ಸೆಂ.ಮೀ. ಸುಕ್ಕು, ಎಂದರೆ ಒಂದು ಕಿ.ಮೀ. ನೆಲ ಮಾಯ. ದಾರವನ್ನು ಮೂರೆಳೆಯಿಂದ ಎರಡೆಳೆಗೆ ಇಳಿಸಿ, ಮನೆ ಬಿಟ್ಟು ಮನೆ ತುಂಬಿ, ಕಡಿದಾದ ಅಂಚಿಗೆ ಮಾತ್ರ ಒತ್ತು ಹೊಲಿಗೆ ಉಳಿಸಿದರು. ಬಂಡೆಯ ತುದಿ ಎದ್ದು ಕಾಣುತ್ತದೆ, ಹಿಂದಿನ ಇಳಿಜಾರು ಹಗುರಾಗುತ್ತದೆ. ನಿಜವಾಗಿ ಬಾದಾಮಿಯ ಗುಡ್ಡ ಇರುವುದೂ ಹಾಗೆಯೇ.

ಗುಲಾಬಿ ಬೇಡ, ಹಳದಿ ಬೇಡ

ಬ್ರಿಟಿಷ್ ಕಾಲದ ಅಟ್ಲಾಸುಗಳಲ್ಲಿ ನೇರ ಆಳ್ವಿಕೆಯ ನೆಲ ಗುಲಾಬಿ, ಸಂಸ್ಥಾನಗಳು ಹಳದಿ. ಶಿಕ್ಷಕಿಯ ಮೊದಲ ಕರಡಿನಲ್ಲಿ ಇದನ್ನು ಬಿಟ್ಟು ಜಮಖಂಡಿ, ಮುಧೋಳ, ಸಾಂಗಲಿಯ ತುಂಡುಗಳಿಗೆ ಒಂದೊಂದು ಬಣ್ಣ ತುಂಬಿ, ಇಂಗ್ಲಿಷರ ತಾಲ್ಲೂಕುಗಳನ್ನು ಬರೀ ಕರಿ ಬಟ್ಟೆಯಾಗಿ ಬಿಡುವ ಯೋಜನೆ ಇತ್ತು. ನೋಡಲು ಸೊಗಸಾಗಿತ್ತು, ಹೇಳುತ್ತಿದ್ದದ್ದು ಮಾತ್ರ ತಪ್ಪು. ಖಾಲಿ ಬಿಟ್ಟದ್ದು ಸಹಜ ನೆಲ, ಬಣ್ಣ ತುಂಬಿದ್ದು ಮೇಲೆ ಅಂಟಿದ ತೇಪೆ ಎಂದು ಕಣ್ಣು ಓದುತ್ತದೆ. ತಾಲ್ಲೂಕಿನಾಚೆ ಬಿಳಿ ಕಾಗದ ಬಿಟ್ಟ ಮೋಜಣಿ ನಕಾಶೆಯ ನೋಟವೇ ತಿರುವುಮುರುವಾಗಿ ಮತ್ತೆ ಬರುತ್ತಿತ್ತು.

ಕೊನೆಗೆ ಯಾರ ನೆಲಕ್ಕೂ ಬಣ್ಣ ತುಂಬಲಿಲ್ಲ. ಗಡಿ ಮಾತ್ರ ಜೋಡಿ ಗಾವಂತಿ. ಒಂದೊಂದು ಬದಿಗೆ ಆಯಾ ಆಳ್ವಿಕೆಯ ದಾರ. ಇಂಗ್ಲಿಷರ ಬದಿಗೂ ಒಂದು ದಾರ ಬಂತು, ಬೂದು. ಪೂರ್ವದ ಅಂಚಿನಲ್ಲಿ ನಿಜಾಮನ ದಾರ. ಇದರಿಂದ ರಬಕವಿ-ಬನಹಟ್ಟಿಯ ನಡುವೆ ವಿಚಿತ್ರ ಕಾಣುತ್ತದೆ. ಇಂದು ಒಂದೇ ನಗರಸಭೆಯ ಹೆಸರಿನಲ್ಲಿ ಕೂಡಿದ ಈ ನೇಕಾರರ ಊರುಗಳಲ್ಲಿ ರಬಕವಿ ಸಾಂಗಲಿಯದು, ಬನಹಟ್ಟಿ ಜಮಖಂಡಿಯದು. ನಡುವಿನ ಕೆಲವೇ ಹೊಲಿಗೆಗಳ ಜಾಗದಲ್ಲಿ ಎರಡು ಸಂಸ್ಥಾನಗಳ ದಾರ ಅಕ್ಕಪಕ್ಕ ಓಡುತ್ತವೆ. ಜಮಖಂಡಿಗೆ ಸೇರಿದ್ದ ಕುಂದಗೋಳ ದೂರದ ಧಾರವಾಡದ ಸೀಮೆಯಲ್ಲಿರುವುದರಿಂದ ಬಟ್ಟೆಯೊಳಗೆ ಬರುವುದಿಲ್ಲ. ಕೆಳ ಅಂಚಿನಲ್ಲಿ ಜಮಖಂಡಿಯ ದಾರದ ಒಂದು ಸಣ್ಣ ಚೌಕ ಹಾಕಿ ದಿಕ್ಕು, ದೂರ ಸೂಚಿಸಿದ್ದಾರೆ.

ಹಲಗಲಿಯ ಮೇಲೆ ಹೆಚ್ಚು ಹೊತ್ತು ಕೂತರು. ಆಯುಧ ಒಪ್ಪಿಸಬೇಕೆಂಬ ಇಂಗ್ಲಿಷರ ಹುಕುಮಿಗೆ 1857ರಲ್ಲಿ ಬೇಡರು ತಿರುಗಿಬಿದ್ದ ಊರು. ಇದ್ದದ್ದು ಮುಧೋಳ ಸಂಸ್ಥಾನದೊಳಗೆ. ಇಂಗ್ಲಿಷರ ದಂಡು ಆ ಗಡಿ ದಾಟಿ ಬಂದು ಊರನ್ನು ಸುಟ್ಟಿತು. ಸಂಸ್ಥಾನದ ಗಡಿಗೆರೆಗೆ ಎಷ್ಟು ಬೆಲೆ ಇತ್ತೆಂಬುದು ಇಲ್ಲಿ ತಿಳಿಯುತ್ತದೆ. ಕತ್ತಿ, ಕೋವಿಯ ಚಿಹ್ನೆ ಬೇಡವೆಂದು, ಆ ಹಳ್ಳಿಯ ಕಡೆ ಮುಧೋಳದ ಗಡಿಯಲ್ಲಿ ಬೂದು ದಾರವನ್ನು ಎಂಟು ಹೊಲಿಗೆಯಷ್ಟು ಒಳಗೆ ತಂದು ನಿಲ್ಲಿಸಿದರು. ಕೆಳಗಿನ ಸೂಚಿ ಓದದವರಿಗೆ ಅದು ಹೊಲಿಗೆ ತಪ್ಪಿದಂತೆ ಕಾಣಬಹುದು. ಅಷ್ಟು ಮಿತ ಬೇಕಿತ್ತೇ ಎಂಬ ಪ್ರಶ್ನೆ ಉಳಿದಿದೆ. ಹಲಗಲಿಗೆ ಒಂದು ದಪ್ಪ ಗುರುತು ಸಲ್ಲುತ್ತಿತ್ತು.

ಹೆಸರು ಬರೆಯುವುದು ದಾರಕ್ಕಿಂತ ದುಬಾರಿಯಾಯಿತು. ಕನ್ನಡದ ದುಂಡು ಅಕ್ಷರ ಎಳೆ ಎಣಿಕೆಗೆ ಬಗ್ಗುವುದಿಲ್ಲ. ಒತ್ತಕ್ಷರ ಓದುವಂತಾಗಲು ಹನ್ನೊಂದು ಮನೆ ಎತ್ತರ ಬೇಕು, ಎಂದರೆ ಮೂರು ಸೆಂ.ಮೀ. ಹಾಗಾಗಿ ಎಲ್ಲ ಊರಿಗೂ ಹೆಸರಿಲ್ಲ. ಯಾವುದಕ್ಕೆ ಕೊಡಬೇಕೆಂಬ ಚರ್ಚೆ ಗಡಿಯ ಚರ್ಚೆಗಿಂತ ಉದ್ದವಾಯಿತು. ಪ್ರವಾಸಿ ಊರುಗಳು ಹೇಗೂ ಎಲ್ಲ ಕಡೆ ಇವೆ ಎಂದು ನೇಕಾರಿಕೆಯ ಊರುಗಳಿಗೆ ಮೊದಲ ಪಾಲು: ಗುಳೇದಗುಡ್ಡ, ಇಳಕಲ್, ಕಮತಗಿ, ರಬಕವಿ, ಬನಹಟ್ಟಿ. ಗುಳೇದಗುಡ್ಡದ ಹೆಸರಿನ ಕೆಳಗೆ ಖಣದ ಬೆರಳಗಲ ತುಂಡು ಹಚ್ಚಿದ್ದಾರೆ. ಕಲಾದಗಿಗೂ ಬಾಗಲಕೋಟೆಗೂ ಒಂದೇ ಎತ್ತರದ ಅಕ್ಷರ.

ನೀರಿನ ಮಟ್ಟ

ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದರು. ಈಗ ನೀರು ನಿಲ್ಲುವ ಗರಿಷ್ಠ ಮಟ್ಟ 519.60 ಮೀಟರ್. ಹಾಳೆಯಲ್ಲಿ 520 ಮೀಟರಿನ ಸಮೋನ್ನತಿ ರೇಖೆ ಇದೆ, ನಲವತ್ತು ಸೆಂ.ಮೀ. ವ್ಯತ್ಯಾಸ ಈ ಪ್ರಮಾಣದಲ್ಲಿ ಗಣನೆಗೆ ಬರದು. ಆ ರೇಖೆಯೇ ದಂಡೆಯಾಯಿತು. ಮಳೆಗಾಲದ ಕೊನೆಗೆ ನೀರು ಅಲ್ಲಿಗೆ ಮುಟ್ಟುತ್ತದೆ, ಬೇಸಿಗೆಗೆ ಬಹಳ ಹಿಂದೆ ಸರಿಯುತ್ತದೆ. ತುಂಬಿದ ಮಟ್ಟ ಎಂದು ಸೂಚಿಯಲ್ಲಿ ಬರೆದರು.

ನೀರಿಗೆ ನೇಗಿ, ನೀಲಿ ದಾರ. ನೇಗಿ ನೆಯ್ದಂತೆ ಕಾಣುವ ಹೊಲಿಗೆ. ದಾರ ಬಟ್ಟೆಯ ಮೇಲೆ ಉದ್ದಕ್ಕೆ ತೇಲುತ್ತದೆ. ಗೋಡೆಯ ಬಟ್ಟೆಯಲ್ಲಿ ಉದ್ದ ತೇಲು ಬಳೆಗೆ, ಪೊರಕೆಗೆ ಸಿಕ್ಕಿ ಎಳೆದು ಬರುತ್ತದೆ. ಮೂರು ಮನೆಗಿಂತ ಹೆಚ್ಚು ತೇಲಬಾರದೆಂದು ಕಟ್ಟುಮಾಡಿಕೊಂಡರು. ಹೊಳೆಯ ಹಳೆಯ ಪಾತ್ರದ ಬಿಳಿ ಮುರಗಿಯನ್ನು ಮೊದಲು ಮುಗಿಸಿ, ಅದರ ಮೇಲೆ ಸಾಲು ಬಿಟ್ಟು ಸಾಲು ನೀಲಿ ಹಾಕಿದರೆ ಕೆಳಗಿನ ಹೊಳೆ ಕಾಣುತ್ತಲೇ ಇರುತ್ತದೆ. ಕ್ರಮ ತಿರುಗಿಸಿದರೆ ಬಿಳಿ ಗೆರೆ ನೀರಿನ ಮೇಲೆ ತೇಲಿದಂತಾಗುತ್ತದೆ. ಬಿಳಿಯ ಮೇಲೆ ನೀಲಿ ಬಣ್ಣ ಬಿಟ್ಟರೆ ಎಲ್ಲ ಕೆಟ್ಟಂತೆ. ಪ್ರತಿ ಲಡಿಯನ್ನೂ ಬಿಳಿ ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಭಾರದ ಕೆಳಗಿಟ್ಟು ಪರೀಕ್ಷಿಸಿದರು.

ಜಲಾಶಯದ ನೀರು ಏರಿಸಲು ಎರಡನೇ ಕೃಷ್ಣಾ ನ್ಯಾಯಾಧಿಕರಣ ಒಪ್ಪಿದ 524.256 ಮೀಟರಿನ ಗೆರೆ ಹೆಚ್ಚು ಕಾಡಿತು. 520 ಮತ್ತು 540ರ ನಡುವೆ ಹಾಳೆಯಲ್ಲಿ ರೇಖೆಯಿಲ್ಲ. ಉಪಗ್ರಹದ ಉಚಿತ ಎತ್ತರಮಾಪನದಲ್ಲಿ ಹಲವು ಮೀಟರ್ ಹೆಚ್ಚುಕಡಿಮೆ ಇರುವುದರಿಂದ, ಸಮತಟ್ಟು ಎರಿ ನೆಲದಲ್ಲಿ ಈ ನಾಲ್ಕೂವರೆ ಮೀಟರ್ ಅದರ ತಪ್ಪಿನೊಳಗೇ ಅಡಗುತ್ತದೆ. ಅಂಥ ಗೆರೆಯನ್ನು ಸಭಾಭವನದಲ್ಲಿ ಗಟ್ಟಿಯಾಗಿ ಎಳೆದರೆ ಅದರ ಮೇಲೆ ಬೆರಳಿಟ್ಟು ನನ್ನ ಹೊಲ ಹೋಗುತ್ತದೋ ಉಳಿಯುತ್ತದೋ ಎಂದು ಕೇಳುವವರು ಬರುತ್ತಾರೆ. ಗಾವಂತಿಯ ಹೋಗುವ ಸುತ್ತು ಮಾತ್ರ ಹಾಕಿ, ಬರುವ ಸುತ್ತು ಹಾಕದೆ ಬಿಟ್ಟರು. ಒಂದು ಬಿಟ್ಟು ಒಂದು ಚುಕ್ಕೆ. ಸೂಚಿಯಲ್ಲಿ ಅಂದಾಜು, ಭೂಸ್ವಾಧೀನಕ್ಕೆ ಆಧಾರವಲ್ಲ ಎಂದಿದೆ.

ಹಳೇ ಬಾಗಲಕೋಟೆಗೆ ಈ ಪ್ರಮಾಣ ಸಾಲದು. ಊರು ಪೂರ್ತಿ ಸೇರಿ ಚಾರ್ಟಿನ ಹನ್ನೆರಡು ಮನೆ ಅಗಲ ಆದೀತು. ಊರೆಲ್ಲ ಮುಳುಗಿತೆಂಬುದು ಹೊರಗಿನವರ ಕಲ್ಪನೆ. ಮುಳುಗಿದ ಓಣಿಗಳೂ ಇವೆ, ಜನ ಇಂದಿಗೂ ಬದುಕುತ್ತಿರುವ ಓಣಿಗಳೂ ಇವೆ. ಈ ವ್ಯತ್ಯಾಸ ತೋರಿಸಲೆಂದೇ ಮೂರನೆಯ ಪಟ್ಟಿಯ ಮೇಲ್ತುದಿಯಲ್ಲಿ, ಜಿಲ್ಲೆಯ ಗಡಿಯ ಹೊರಗೆ ಖಾಲಿ ಉಳಿದ ಜಾಗದಲ್ಲಿ, 60 ಸೆಂ.ಮೀ. ಚೌಕದ ಒಳನಕಾಶೆ ಬಂತು. ಪ್ರಮಾಣ 1:2,500. ಒಂದು ಹೊಲಿಗೆ ಅಡ್ಡಕ್ಕೆ 6.35 ಮೀಟರ್, ಎಂದರೆ ಒಂದು ಓಣಿಯ ಅಗಲ. ಜನರ ಮನೆ, ಜಾಗದ ಗೆರೆ ಹಾಕಲಿಲ್ಲ. ಪರಿಹಾರದ ವ್ಯಾಜ್ಯಗಳಿಗೆ ಕಸೂತಿ ಸಾಕ್ಷಿಯಾಗುವುದು ಬೇಡ. ಓಣಿ, ಬಾವಿ, ಗುಡಿ, ಮಸೀದಿ, ಅಗಸಿ, ಹೋಳಿಯ ಬಣ್ಣದ ಬಂಡಿಗಳ ದಾರಿ, ಇಷ್ಟು. ಬಂಡಿಯ ದಾರಿಯ ಬಗ್ಗೆ ಹಿರಿಯರಲ್ಲೇ ಒಮ್ಮತ ಬರದ ಕಡೆ ಎರಡೂ ದಾರಿ ಹಾಕಿದ್ದಾರೆ.

ತೂಗುಹಾಕುವುದು

ಹಿಂಬದಿಗೆ ಒಗೆದು ಕುಗ್ಗಿಸಿದ ಬಿಳಿ ಹತ್ತಿ ಬಟ್ಟೆಯ ಅಸ್ತರು. ಸುತ್ತಲೂ ಹೊಲಿಯದೆ ಮೇಲೆ ಮತ್ತು ಎರಡು ಬದಿಗೆ ಮಾತ್ರ. ಕೆಳಗೆ ಬಿಡದಿದ್ದರೆ ಎರಡು ಬಟ್ಟೆ ಬೇರೆಬೇರೆ ಜೋತು ಹೊಟ್ಟೆ ಬರುತ್ತದೆ. ಮೇಲೆ ಉದ್ದಕ್ಕೂ ತೋಳು ಹೊಲಿದು ಅಲ್ಯೂಮಿನಿಯಂ ಪೈಪು. ಮೊಳೆ, ಕೊಂಡಿ ಎಲ್ಲೂ ಬಟ್ಟೆಗೆ ತಾಗಬಾರದು. ಭಾರವೆಲ್ಲ ಆ ಬಿಂದುಗಳಿಗೆ ಬಿದ್ದು ಅಳತೆ ಎಳೆದಾಡುತ್ತದೆ. ಗೋಡೆಗೂ ಬಟ್ಟೆಗೂ ಮೂರು ಸೆಂ.ಮೀ. ಸಂದು ಬೇಕು, ಹೊಸ ಗೋಡೆಯಾದರೆ ಒಂದು ಮಳೆಗಾಲ ಕಾಯಬೇಕು. ಬಿಸಿಲು ನೇರ ಬೀಳಬಾರದು, ದೀಪ 50 ಲಕ್ಸ್ ಮೀರಬಾರದು. ಸಭಾಭವನದವರಿಗೆ ಅದು ಮಂಕು ಎನಿಸಿತು. ಕಾರ್ಯಕ್ರಮದ ಹೊತ್ತಿಗೆ ಮಾತ್ರ ಹತ್ತುವ ಬೇರೆ ದೀಪ ಹಾಕಿ ಒಪ್ಪಿಸಿದರು. ಧೂಳಿಗೆ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಕಡಿಮೆ ಎಳೆತದಲ್ಲಿ, ಮೇಲಿನಿಂದ ಕೆಳಗೆ. ನೇಗಿ ಇರುವ ಜಲಾಶಯದ ಕಡೆ ಬರೀ ಮೆತ್ತನೆಯ ಬ್ರಷ್.

ಚಾರ್ಟಿನ ಹಾಳೆಗಳು, ಬಣ್ಣಬಣ್ಣದ ದಾರದ ಒಂದೊಂದು ಲಡಿ, ಹಾಳೆಗಳನ್ನು ಕಟ್ಟಿದ ಗುರುತುಗಳ ಪಟ್ಟಿ, ಇವನ್ನೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಭವನದವರಿಗೇ ಒಪ್ಪಿಸಿದರು. ನೀಲಿಯದು ಮಾತ್ರ ನಾಲ್ಕು ಲಡಿ ಇಟ್ಟಿದ್ದಾರೆ, ಅದೇ ಬಣ್ಣದ ತಂಡದ್ದು. ಆಲಮಟ್ಟಿಯ ಗೇಟಿನ ಎತ್ತರ ಏರಿದರೆ ಚುಕ್ಕೆಗೆರೆಯವರೆಗೆ ತುಂಬಲು ಭೂಮಾಪಕರ ಲೆಕ್ಕದಲ್ಲಿ ಮೂರು ಸಾಕು; ಹೆಣ್ಣುಮಕ್ಕಳ ಲೆಕ್ಕದಲ್ಲಿ ನಾಲ್ಕು.